ಕಲ್ಕತ್ತಾ ಬಾಂಬ್ ದಾಳಿ: ಮೊದಲು ಗಡಿಯಾರ, ಆಮೇಲೆ ಕಡತ

1942ರ ಡಿಸೆಂಬರ್‌ನಲ್ಲಿ ಜಪಾನಿ ವಿಮಾನಗಳು ಬರ್ಮಾದಿಂದ ಬಂದು ರಾತ್ರಿ ಹೊತ್ತು ಕಲ್ಕತ್ತಾ ಮೇಲೆ ಬಾಂಬ್ ಹಾಕಿದವು. ಅದರ ಬಗ್ಗೆ ನಾನು ಬೆಂಗಳೂರಲ್ಲಿ ಕೂತೇ ಹುಡುಕುತ್ತಿದ್ದೇನೆ. ಕಾಗದಪತ್ರ ಕಂಪ್ಯೂಟರಿನಲ್ಲೇ ಸಾಕಷ್ಟು ಸಿಗುತ್ತವೆ. ತಲೆನೋವು ಶುರುವಾಗುವುದು ಸಿಕ್ಕ ಮೇಲೆ. ಒಂದೇ ದಾಳಿಗೆ ಒಂದೊಂದು ಕಡತ ಒಂದೊಂದು ಹೊತ್ತು ಹೇಳುತ್ತದೆ.

ಅದಕ್ಕೇ ಮೊದಲು ಗಡಿಯಾರ ಸರಿ ಮಾಡಿಕೊಳ್ಳುತ್ತೇನೆ. 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ ಮಧ್ಯದ ತನಕ ಭಾರತದ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಿದ್ದರು. ಅಂದರೆ ಗ್ರೀನಿಚ್‌ಗಿಂತ ಆರೂವರೆ ಗಂಟೆ ಮುಂದೆ. ಜಪಾನಿ ಸೇನೆ ಎಲ್ಲೇ ಇದ್ದರೂ ಟೋಕಿಯೋ ಸಮಯವನ್ನೇ ಬರೆಯುತ್ತಿತ್ತು. ಅದು ಒಂಬತ್ತು ಗಂಟೆ ಮುಂದೆ. ಕಲ್ಕತ್ತಾದಲ್ಲಿ 20ನೇ ತಾರೀಖು ರಾತ್ರಿ ಹನ್ನೊಂದಾದರೆ ಟೋಕಿಯೋ ಲೆಕ್ಕದಲ್ಲಿ 21ರ ಬೆಳಗಿನ ಜಾವ ಒಂದೂವರೆ. ತಾರೀಖೇ ಬೇರೆ! ಇದನ್ನು ನೋಡದಿದ್ದರೆ ಒಂದು ದಾಳಿ ಎರಡಾಗಿಬಿಡುತ್ತದೆ.

ಆಮೇಲೆ ಪಂಚಾಂಗ. ಮೊದಲ ದಾಳಿ ಡಿಸೆಂಬರ್ 20ರ ರಾತ್ರಿ. ಮಾರ್ಗಶಿರ ಹುಣ್ಣಿಮೆ 22ಕ್ಕೆ. ಬೆಳದಿಂಗಳಲ್ಲಿ ಹೂಗ್ಲಿ ನದಿ ಮೇಲಿಂದ ಚೆನ್ನಾಗಿ ಕಾಣುತ್ತದೆ, ಅಲ್ವಾ? ಅಮಾವಾಸ್ಯೆ ಹತ್ತಿರದ ದಾಳಿ ಅಂತ ಯಾರಾದರೂ ಹೇಳಿದರೆ ನಾನು ಇನ್ನೊಂದು ಸಾಕ್ಷಿ ಹುಡುಕುತ್ತೇನೆ.

ಬ್ರಿಟಿಷ್ ವಾಯುಪಡೆಯ ಸ್ಕ್ವಾಡ್ರನ್‌ಗಳ, ಅಂದರೆ ವಿಮಾನ ದಳಗಳ, ದಿನಚರಿ ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿದೆ, ಏರ್ 27 ಎಂಬ ಸರಣಿಯಲ್ಲಿ. ಫಾರ್ಮ್ 540 ಅಂದರೆ ತಿಂಗಳಿಡೀ ನಡೆದದ್ದರ ಕಥೆ. ನಾನು ಮೊದಲು ತೆರೆಯುವುದು 541. ಅದರಲ್ಲಿ ವಿಮಾನದ ನಂಬರ್, ಪೈಲಟ್ ಹೆಸರು, ಹಾರಿದ ಹೊತ್ತು, ಇಳಿದ ಹೊತ್ತು ಇರುತ್ತದೆ. ಬಣ್ಣ ಹಚ್ಚಲು ಜಾಗ ಕಮ್ಮಿ. ಕಲ್ಕತ್ತಾ ಪಕ್ಕದ ಡಂಡಂ ವಿಮಾನ ನಿಲ್ದಾಣದ 176ನೇ ಸ್ಕ್ವಾಡ್ರನ್‌ಗೆ ರೇಡಾರ್ ಇದ್ದ ಬ್ಯೂಫೈಟರ್ ಯುದ್ಧವಿಮಾನಗಳು ಬಂದದ್ದು 1943ರ ಜನವರಿಯಲ್ಲಿ. 15ರ ರಾತ್ರಿ ಸಾರ್ಜೆಂಟ್ ಪ್ರಿಂಗ್ ಮೂರು ಬಾಂಬರ್ ಉರುಳಿಸಿದ ಅಂತ ದಾಖಲೆಯಿದೆ. ಇಂಥ ಲೆಕ್ಕವನ್ನು ಎದುರು ಪಕ್ಷದ ಲೆಕ್ಕದ ಪಕ್ಕ ಇಟ್ಟು ನೋಡಬೇಕು. ಜಪಾನಿ ದಾಖಲೆಗಳು ಟೋಕಿಯೋದ ಜಾಕಾರ್ (ಜಪಾನಿನ ಏಷ್ಯಾ ಇತಿಹಾಸ ದಾಖಲೆ ಕೇಂದ್ರ) ಎಂಬ ಅಂತರ್ಜಾಲ ತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಭಾಷೆ ಬಾರದಿದ್ದರೂ ತಾರೀಖು ಗುರುತಿಸುವಷ್ಟು ಕಲಿಯಬಹುದು. ಅಲ್ಲಿ ವರ್ಷವನ್ನು ಚಕ್ರವರ್ತಿಯ ಆಳ್ವಿಕೆಯ ಲೆಕ್ಕದಲ್ಲಿ ಬರೆಯುತ್ತಾರೆ, 1942 ಅಂದರೆ ಶೋವಾ 17.

ಆಗಿನ ಪತ್ರಿಕೆಗಳಿಂದ ಜಾಸ್ತಿ ನಿರೀಕ್ಷೆ ಬೇಡ. ಸೆನ್ಸಾರ್ ಕತ್ತರಿ ಆಡಿದೆ.

ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಯುದ್ಧದ ಕಡತವೇ ಅಲ್ಲ, 1945ರ ಬಂಗಾಳ ಬರಗಾಲ ವಿಚಾರಣಾ ಆಯೋಗದ ವರದಿ. ಬಾಂಬ್ ಬಿದ್ದ ಮೇಲೆ ಕಲ್ಕತ್ತಾದಲ್ಲಿ ದಿನಸಿ ಅಂಗಡಿಗಳು ಮುಚ್ಚಿದವು. ಡಿಸೆಂಬರ್ ಕೊನೆಗೆ ಸರ್ಕಾರ ಸಗಟು ವ್ಯಾಪಾರಿಗಳ ಅಕ್ಕಿ ದಾಸ್ತಾನನ್ನು ವಶಕ್ಕೆ ತೆಗೆದುಕೊಂಡಿತು. ವ್ಯಾಪಾರಿಗಳಿಗೆ ನಂಬಿಕೆ ಹೋಯಿತು, ಮಾರುಕಟ್ಟೆ ಕೆಟ್ಟಿತು. ಮುಂದಿನ ವರ್ಷ ಬಂಗಾಳದಲ್ಲಿ ಏನಾಯಿತು ಅಂತ ಗೊತ್ತೇ ಇದೆ. ಬರಕ್ಕೆ ಬೇರೆ ಕಾರಣಗಳೂ ಇದ್ದವು, ಆದರೆ ದಾಳಿಯ ಕಥೆ ಬರೆಯುವವರು ಈ ಅಕ್ಕಿಯ ಲೆಕ್ಕವನ್ನು ಯಾಕೆ ಬಿಡುತ್ತಾರೋ ನನಗಂತೂ ಅರ್ಥವಾಗಿಲ್ಲ. ಈಗ ಬಾಂಬಿಗೆ ಹೆದರಿ ಹೌರಾ ರೈಲು ನಿಲ್ದಾಣದಿಂದ ಊರಿಗೆ ಹೊರಟ ಜನರ ರೈಲ್ವೆ ಕಾಗದ ಹುಡುಕುತ್ತಿದ್ದೇನೆ.