ಲೈಟ್‌ರೂಮಿಗೆ ಕಂಪ್ಯೂಟರ್ ಜೋಡಿಸಿಕೊಂಡ ನನ್ನ ಅನುಭವ

ಮಂಡ್ಯದಲ್ಲಿ ಮದುವೆ ಫೋಟೊ ತೆಗೆಯುವುದು ನನ್ನ ಕಸುಬು. ಚಪ್ಪರ, ರಿಸೆಪ್ಷನ್, ಧಾರೆ ಎಲ್ಲ ಸೇರಿ ಒಂದು ಮದುವೆಗೆ ಎರಡೂವರೆ ಸಾವಿರ ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಫೈಲ್) ಆಗುತ್ತವೆ. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಒಂದೊಂದು ಫೈಲ್ 25–30 ಎಂಬಿ; ಹತ್ತಿರ ಹತ್ತಿರ 70 ಜಿಬಿ. ಹಳೆಯ ಕಂಪ್ಯೂಟರಿನಲ್ಲಿ, ಫೋಟೊ ವಿಂಗಡಿಸಿ ತಿದ್ದುವ ಲೈಟ್‌ರೂಮ್ ತಂತ್ರಾಂಶದೊಳಗೆ, ಒಂದು ಫೋಟೊ ನೋಡಿ ಮುಂದಿನದಕ್ಕೆ ಹೋಗಲು ನಾಲ್ಕೈದು ಸೆಕೆಂಡ್ ಕಾಯಬೇಕಿತ್ತು. ಎರಡೂವರೆ ಸಾವಿರ ಸಲ ಹಾಗೆ ಕಾದರೆ ರಾತ್ರಿಯೇ ಕಳೆದುಹೋಗುತ್ತದೆ.

ಅಂಗಡಿಯ ಹುಡುಗ, "ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕ್ಸಿಬಿಡಿ ಸಾರ್, ಎಲ್ಲಾ ಸರಿಹೋಯ್ತದೆ" ಅಂದ. ದುಡ್ಡು ಕೊಡುವ ಮೊದಲು ಒಂದು ರಾತ್ರಿ ಪಕ್ಕದಲ್ಲಿ, ಕಂಪ್ಯೂಟರಿನ ಯಾವ ಭಾಗ ಎಷ್ಟು ದುಡಿಯುತ್ತಿದೆ ಅಂತ ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟುಕೊಂಡು ಕೆಲಸ ಮಾಡಿದೆ. 8 ಜಿಬಿ ರ್‍ಯಾಮ್ (ಕೆಲಸದ ಹೊತ್ತಿನ ತಾತ್ಕಾಲಿಕ ಮೆಮೊರಿ) ಪೂರ್ತಿ ತುಂಬಿತ್ತು, ಹಾರ್ಡ್ ಡಿಸ್ಕ್ ಶೇಕಡಾ 100ರಲ್ಲೇ ನಿಂತಿತ್ತು, ಪ್ರೊಸೆಸರ್ ಅರ್ಧ ಖಾಲಿ ಕೂತಿತ್ತು. ರೋಗ ಎಲ್ಲಿದೆ ಅಂತ ಗೊತ್ತಾಯಿತು.

ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿಗಿಂತ ತುಂಬಾ ವೇಗದ ಸಂಗ್ರಹ) ಹಾಕಿಸಿ, ರ್‍ಯಾಮನ್ನು 32 ಜಿಬಿ ಮಾಡಿಸಿದೆ. 16ರ ಎರಡು ಕಡ್ಡಿ, ಎರಡೂ ಒಟ್ಟಿಗೆ ದುಡಿದು ವೇಗ ಹೆಚ್ಚಿಸುವ ಡ್ಯುಯಲ್ ಚಾನೆಲ್ ಸಿಗಲಿ ಅಂತ. ಲೈಟ್‌ರೂಮಿನ ಕ್ಯಾಟಲಾಗ್ (ಫೋಟೊ, ತಿದ್ದುಪಡಿಗಳ ದಾಖಲೆ), ಪ್ರಿವ್ಯೂ (ನೋಡಲು ಮಾಡಿಟ್ಟ ಚಿತ್ರ), ಕ್ಯಾಶ್ (ತಾತ್ಕಾಲಿಕ ಫೈಲ್) ಮೂರೂ ಎಸ್‌ಎಸ್‌ಡಿಯಲ್ಲೇ ಇರಬೇಕು. ಮುಗಿದ ಮದುವೆಗಳು ಎರಡು ಹಾರ್ಡ್ ಡಿಸ್ಕಿಗೆ ಹೋಗುತ್ತವೆ, ಎರಡು ಪ್ರತಿ. ಇಷ್ಟಕ್ಕೇ ಕಾಯುವ ಕಾಟ ತಪ್ಪಿತು.

ಗ್ರಾಫಿಕ್ಸ್ ಕಾರ್ಡ್ ಬೇಕಾದದ್ದು ಆಮೇಲೆ, ರಂಗನತಿಟ್ಟಿನ ಹಕ್ಕಿಗಳಿಂದ. ಮುಂಜಾನೆಯ ಮಬ್ಬಿನಲ್ಲಿ ಐಎಸ್‌ಒ 6400ರಷ್ಟು ಹೆಚ್ಚಿನ ಸೂಕ್ಷ್ಮತೆಯಲ್ಲಿ ತೆಗೆದ, ಕಾಳುಕಾಳಾದ ಚಿತ್ರಕ್ಕೆ, 2023ರಲ್ಲಿ ಲೈಟ್‌ರೂಮಿಗೆ ಬಂದ, ಆ ಕಾಳು ತೆಗೆಯುವ ಎಐ ಡಿನಾಯ್ಸ್ ಓಡಿಸಿದರೆ ಒಂದೊಂದಕ್ಕೂ ಹಲವು ನಿಮಿಷ ಹಿಡಿಯುತ್ತಿತ್ತು. ಆ ಕೆಲಸ ಬಹುಪಾಲು ಕಾರ್ಡಿನ ಮೇಲೇ ಬೀಳುತ್ತದೆ. 8 ಜಿಬಿ ಮೆಮೊರಿಯ ಕಾರ್ಡ್ ಹಾಕಿದ ಮೇಲೆ ಸೆಕೆಂಡುಗಳಲ್ಲಿ ಮುಗಿಯುತ್ತದೆ. ಒಳ್ಳೆಯ ಬೆಳಕಿನಲ್ಲಿ ಬರೀ ಮದುವೆ ತೆಗೆಯುವವರು ಈ ಖರ್ಚನ್ನು ಮುಂದಕ್ಕೆ ಹಾಕಬಹುದು.

ನನಗೆ ನಿಜವಾಗಿ ಪೆಟ್ಟು ಬಿದ್ದದ್ದು ಮಾನಿಟರ್ ವಿಷಯದಲ್ಲಿ. ಮದುಮಗಳು ರಿಸೆಪ್ಷನ್ನಿಗೆ ನೇರಳೆಹಣ್ಣಿನ ಬಣ್ಣದ ಮೈಸೂರು ಸಿಲ್ಕ್ ಉಟ್ಟಿದ್ದಳು. ಆಲ್ಬಮ್ ನೋಡಿದ ಅವಳ ತಾಯಿ, "ಇದ್ಯಾಕಪ್ಪಾ, ಬೀಟ್ರೂಟ್ ಥರ ಬಂದದೆ? ನಮ್ಮುಡುಗಿ ಸೀರೆ ಇದಲ್ಲ" ಅಂದರು. ಸರಿಯಾಗಿಯೇ ಹೇಳಿದ್ದರು. ನನ್ನ ಅಗ್ಗದ ಟಿಎನ್ ಪರದೆ (ಬಣ್ಣ ಅಷ್ಟು ನಿಖರವಾಗಿ ತೋರಿಸದ ಬಗೆ) ಎಲ್ಲವನ್ನೂ ನೀಲಿಗೆ ತಿರುಗಿಸಿ ತೋರಿಸುತ್ತಿತ್ತು; ಆ ನೀಲಿ ಕಳೆಯಲು ನಾನು ಫೋಟೊಗೆ ಕೆಂಪು ಸೇರಿಸುತ್ತಾ ಹೋಗಿದ್ದೆ. ಪ್ರಿಂಟ್ ಕಪ್ಪಾಗಿಯೂ ಬಂದಿತ್ತು. ಪರದೆಯ ಬ್ರೈಟ್‌ನೆಸ್ ಜಾಸ್ತಿ ಇದ್ದದ್ದರಿಂದ ಫೋಟೊವನ್ನೇ ಮಂಕು ಮಾಡಿಟ್ಟಿದ್ದೆ.

ಎಸ್‌ಆರ್‌ಜಿಬಿ (ಪರದೆಗಳ ಸಾಮಾನ್ಯ ಬಣ್ಣ ಮಾನದಂಡ) ಬಣ್ಣಗಳನ್ನು ಪೂರ್ತಿ ತೋರಿಸುವ, ಟಿಎನ್‌ಗಿಂತ ಬಣ್ಣ ನಿಖರವಾದ ಐಪಿಎಸ್ ಮಾನಿಟರ್ ತಂದೆ. ಮೈಸೂರಿನ ಗೆಳೆಯರೊಬ್ಬರ ಕ್ಯಾಲಿಬ್ರೇಟರ್ (ಪರದೆಯ ಬಣ್ಣ ಅಳೆಯುವ ಸಾಧನ) ಇಸಕೊಂಡು ಬಣ್ಣ ಸರಿಮಾಡಿ, ಬೆಳಕನ್ನು ಚದರ ಮೀಟರಿಗೆ 120 ಕ್ಯಾಂಡೆಲಾಗೆ ಇಳಿಸಿದೆ. ಪರದೆಗೆ ಬಿಸಿಲು ಬೀಳದಂತೆ ಮೇಜನ್ನು ಕಿಟಕಿಯಿಂದ ತಿರುಗಿಸಿದೆ. ಆ ಪುಟಗಳನ್ನೆಲ್ಲ ಮತ್ತೆ ತಿದ್ದಿ, ನನ್ನ ಖರ್ಚಿನಲ್ಲೇ ಪ್ರಿಂಟ್ ಹಾಕಿಸಿ ತೆಗೆದುಕೊಂಡು ಹೋದೆ. ಆ ತಾಯಿ ಬೀರುವಿನಿಂದ ಸೀರೆ ತಂದು, ಸೆರಗನ್ನು ಪುಟದ ಪಕ್ಕಕ್ಕೆ ಹಿಡಿದು ನೋಡಿ, "ಈಗ ಸರಿ ಅದೆ" ಅಂದರು.