ಡಬ್ಲಿನ್‌ನಲ್ಲಿ ಮಗಳಿಗೆ ಶಾಲೆ ಹುಡುಕಿದ್ದು

ಮನೆಯಿಂದ ನಾಲ್ಕು ಹೆಜ್ಜೆ ಹಾಕಿದರೆ ಕ್ಯಾಥೊಲಿಕ್ ಶಾಲೆ. ಎಲ್ಲ ಧರ್ಮದವರಿಗೂ ಅಂತ ಇರುವ ಎಜುಕೇಟ್ ಟುಗೆದರ್ ಶಾಲೆಗೆ ಬಸ್ಸು ಹತ್ತಬೇಕು. ಮಗಳನ್ನು ಜೂನಿಯರ್ ಇನ್‌ಫಂಟ್ಸ್‌ಗೆ, ಅಂದರೆ ಇಲ್ಲಿನ ಪ್ರೈಮರಿಯ ಮೊದಲ ತರಗತಿಗೆ, ಸೇರಿಸುವ ವರ್ಷ ಮನೆಯಲ್ಲಿ ಇದೇ ಚರ್ಚೆ. "ನಾನೂ ಬೆಂಗಳೂರಲ್ಲಿ ಕಾನ್ವೆಂಟಲ್ಲೇ ಓದಿದ್ದು, ಏನಾಯ್ತೀಗ?" ಅಂತ ನನ್ನ ಗಂಡ.

ಐರ್ಲೆಂಡಿನ ಹತ್ತು ಪ್ರೈಮರಿ ಶಾಲೆಗಳಲ್ಲಿ ಸುಮಾರು ಒಂಬತ್ತು ಕ್ಯಾಥೊಲಿಕ್ ಚರ್ಚಿನ ಕೈಯಲ್ಲಿವೆ. ಆದರೆ ಟೀಚರ್‌ಗಳ ಸಂಬಳ ಸರ್ಕಾರದ್ದು. ಮೊದಲು ಸೀಟು ಕಡಿಮೆ ಬಿದ್ದರೆ ಬ್ಯಾಪ್ಟಿಸಂ (ಚರ್ಚಿಗೆ ಸೇರಿಸುವ ದೀಕ್ಷಾಸ್ನಾನ) ಆದ ಮಕ್ಕಳಿಗೆ ಮೊದಲ ಮಣೆ ಹಾಕಬಹುದಿತ್ತು. 2018ರ ಕಾಯ್ದೆಯಿಂದ ಕ್ಯಾಥೊಲಿಕ್ ಶಾಲೆಗಳು ಹಾಗೆ ಮಾಡುವಂತಿಲ್ಲ. ಹಾಗಾಗಿ ಬಾಗಿಲಲ್ಲೇ ತಡೆಯುತ್ತಾರೆ ಅನ್ನೋ ಭಯ ನಮಗಿರಲಿಲ್ಲ. ಒಳಗೆ ಹೋದ ಮೇಲೇನು ಅನ್ನೋದೇ ಚಿಂತೆ.

ಓಪನ್ ಡೇ ದಿನ ಹೋಗಿ ನೋಡಿದೆವು. ಕ್ಲಾಸಿನ ಮೂಲೆಯಲ್ಲೊಂದು ಪುಟ್ಟ ಮೇಜು, ಅದರ ಮೇಲೆ ನೀಲಿ ಬಟ್ಟೆ, ಮೇರಿಯ ಮೂರ್ತಿ, ಪಕ್ಕದಲ್ಲಿ ಬ್ಯಾಟರಿ ಮೇಣದಬತ್ತಿ. ಟೀಚರ್ ನಗುನಗುತ್ತಾ ಮಾತಾಡಿದರು. "ಧರ್ಮದ ಪಾಠದ ಹೊತ್ತಲ್ಲಿ ನಮ್ಮ ಮಗು ಎಲ್ಲಿರುತ್ತೆ?" ಅಂತ ಕೇಳಿದೆ. "ಇಲ್ಲೇ, ಆ ಹಿಂದಿನ ಮೇಜಲ್ಲಿ. ಬಣ್ಣ ಹಚ್ಚಬಹುದು, ಏನಾದರೂ ಓದಬಹುದು."

ಆ ಪಾಠಕ್ಕೆ ಕೂರದಿರುವ ಹಕ್ಕು ಇಲ್ಲಿನ ಸಂವಿಧಾನದಲ್ಲೇ ಇದೆ. ಆದರೆ ಮಗುವನ್ನು ಬೇರೆ ಕಡೆ ಕೂರಿಸಿ ನೋಡಿಕೊಳ್ಳಲು ಹೆಚ್ಚಿನ ಶಾಲೆಗಳಲ್ಲಿ ಇನ್ನೊಬ್ಬರು ಟೀಚರ್ ಇರುವುದಿಲ್ಲ. ದಿನಾ ಅರ್ಧ ಗಂಟೆಯಾದರೆ ಹೇಗೋ ಕಳೆಯಬಹುದು ಅನ್ನಿ. ಸೆಕೆಂಡ್ ಕ್ಲಾಸಿಗೆ ಬಂದಾಗ ಕಥೆಯೇ ಬೇರೆ. ಅದು ಫಸ್ಟ್ ಕಮ್ಯುನಿಯನ್ ವರ್ಷ, ಅಂದರೆ ಕ್ಯಾಥೊಲಿಕ್ ಮಕ್ಕಳು ಚರ್ಚಿನಲ್ಲಿ ಮೊದಲ ಸಲ ಪರಮಪ್ರಸಾದ ತೆಗೆದುಕೊಳ್ಳುವ ವರ್ಷ. ಹಾಡಿನ ಪ್ರಾಕ್ಟೀಸು, ಚರ್ಚಿಗೆ ಹೋಗಿಬರೋದು, ಬಿಳಿ ಫ್ರಾಕಿನ ಮಾತು. ಏಳೆಂಟು ವರ್ಷದ ಹುಡುಗಿ ಸುಮ್ನೆ ಬಣ್ಣ ಹಚ್ಚುತ್ತಾ ಕೂರುತ್ತಾಳಾ?

ಗಂಡನ ಕಾನ್ವೆಂಟಲ್ಲಿ ಕ್ರಿಶ್ಚಿಯನ್ ಮಕ್ಕಳು ಕ್ಯಾಟಕಿಸಂಗೆ (ಅವರ ಧರ್ಮದ ಪಾಠಕ್ಕೆ) ಎದ್ದು ಹೋಗುತ್ತಿದ್ದರಂತೆ, ಉಳಿದವರಿಗೆ ಮಾರಲ್ ಸೈನ್ಸ್. ಎದ್ದು ಹೋಗುವವರು ಬೆರಳೆಣಿಕೆ. ಇಲ್ಲಿ ಆ ಬೆರಳೆಣಿಕೆಯಲ್ಲಿ ನಮ್ಮ ಮಗಳು. ಹೀಗಂದ ಮೇಲೆ ಅವರ ವಾದ ಸ್ವಲ್ಪ ಮೆತ್ತಗಾಯ್ತು.

ಎಜುಕೇಟ್ ಟುಗೆದರ್‌ನ ಮೊದಲ ಶಾಲೆ ಶುರುವಾದದ್ದು 1978ರಲ್ಲಿ, ಡಾಲ್ಕಿ ಸ್ಕೂಲ್ ಪ್ರಾಜೆಕ್ಟ್ ಅನ್ನೋ ಹೆಸರಲ್ಲಿ, ಪೋಷಕರೇ ಸೇರಿ ಕಟ್ಟಿದ್ದು. ಇಲ್ಲಿ ಎಲ್ಲ ಧರ್ಮಗಳ ಬಗ್ಗೆ ಹೇಳಿಕೊಡುತ್ತಾರೆ, ಯಾವುದನ್ನೂ ಪಾಲಿಸಲು ಹೇಳುವುದಿಲ್ಲ. ಕಮ್ಯುನಿಯನ್ ತಯಾರಿ ಬೇಕಾದವರು ಶಾಲೆ ಬಿಟ್ಟ ಮೇಲೆ ಮಾಡಿಕೊಳ್ಳಬೇಕು. ಯೂನಿಫಾರ್ಮ್ ಇಲ್ಲ. ಮಕ್ಕಳು ಟೀಚರನ್ನು ಹೆಸರು ಹಿಡಿದೇ ಕರೆಯುತ್ತಾರೆ. ನಮ್ಮತ್ತೆಗೆ ಇದು ಇವತ್ತಿಗೂ ಜೀರ್ಣವಾಗಿಲ್ಲ.

ಅಲ್ಲಿಗೇ ಹಾಕಿದೆವು. ನಷ್ಟವೂ ಇದೆ. ನಮ್ಮ ಬೀದಿಯ ಮಕ್ಕಳೆಲ್ಲ ಒಟ್ಟಿಗೆ ನಡೆದು ಹೋಗುವಾಗ ಇವಳು ಬಸ್ ಸ್ಟಾಪಿನಲ್ಲಿ. ಮಳೆಯಲ್ಲಿ ನಂಗೂ ಬೇಜಾರೇ. ಪಕ್ಕದ ಶಾಲೆಯವರು ಆ ಅರ್ಧ ಗಂಟೆಗೆ ಬೇರೆ ಕೋಣೆ, ಬೇರೆ ಕೆಲಸ ಕೊಡುತ್ತೇವೆ ಅಂದಿದ್ದರೆ ಬಹುಶಃ ಅಲ್ಲೇ ಸೇರಿಸುತ್ತಿದ್ದೆ.

ಮುಂದಿನ ವರ್ಷಕ್ಕೆ ಹುಡುಕುತ್ತಿರುವವರು ಎರಡೂ ಕಡೆ ಅರ್ಜಿ ಹಾಕಿ. ಅಕ್ಟೋಬರ್ 1ಕ್ಕೆ ಮೊದಲು ಯಾವ ಶಾಲೆಯೂ ಅರ್ಜಿ ತೆಗೆದುಕೊಳ್ಳುವಂತಿಲ್ಲ. ಕೊನೆಯ ದಿನಾಂಕ ಮಾತ್ರ ಶಾಲೆಗೊಂದು. ಅದು ಅವರ ಅಡ್ಮಿಷನ್ ನೋಟಿಸಿನಲ್ಲಿ ಇರುತ್ತೆ.