ಚಳಿಗಾಲದ ಕರೆಂಟ್ ಬಿಲ್: 200ರ ಗೆರೆ ದಾಟದಿರುವುದು ಹೇಗೆ?

ಡಿಸೆಂಬರ್ ಬಂತೆಂದರೆ ಮಡಿಕೇರಿ, ಸೋಮವಾರಪೇಟೆ, ಭಾಗಮಂಡಲದ ಕಡೆ ಬೆಳಗ್ಗೆ ನಲ್ಲಿ ನೀರು ಮುಟ್ಟಲಾಗುವುದಿಲ್ಲ. ಆಮೇಲೆ ಬರುವ ಬಿಲ್ ನೋಡಿ ಸಿಟ್ಟು ಬೀಳುವುದು ಮಾತ್ರ ಲೈಟು, ಟಿ.ವಿ. ಮೇಲೆ. ಪಾಪ, 9 ವಾಟ್‌ನ ಬಲ್ಬ್ ಒಂದು ಯೂನಿಟ್ ಮುಗಿಸಲು 111 ಗಂಟೆ ಉರಿಯಬೇಕು. 2,000 ವಾಟ್‌ನ ಹೀಟರ್‌ಗೆ ಅರ್ಧ ಗಂಟೆ ಸಾಕು. ಬಿಸಿ ಮಾಡುವ ಸಾಮಾನುಗಳನ್ನು ಹಿಡಿತದಲ್ಲಿಟ್ಟರೆ ಮುಕ್ಕಾಲು ಕೆಲಸ ಮುಗಿಯಿತು.

ಮೊದಲು ಬಿಲ್ ಓದಿ

ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ ಎಲ್ಲರಿಗೂ 200 ಯೂನಿಟ್ ಉಚಿತ ಎಂದುಕೊಂಡವರು ಈಗಲೂ ಇದ್ದಾರೆ. ಹಾಗಿಲ್ಲ. 2022-23ರಲ್ಲಿ ನಿಮ್ಮ ಮನೆಯ ತಿಂಗಳ ಸರಾಸರಿ ಬಳಕೆಗೆ ಶೇ 10 (ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದವರಿಗೆ 10 ಯೂನಿಟ್) ಸೇರಿಸಿದರೆ ಬರುವುದೇ ನಿಮ್ಮ ಪಾಲು. ಸರಾಸರಿ 90 ಇದ್ದವರಿಗೆ 99 ಯೂನಿಟ್. 199 ಬಳಸಿದರೆ ಹೆಚ್ಚುವರಿ 100ಕ್ಕೆ ದುಡ್ಡು. 201 ಆದರೆ ಪೂರ್ತಿ 201ಕ್ಕೂ ದುಡ್ಡು! ಯೂನಿಟ್‌ಗೆ ಸುಮಾರು ಆರು ರೂಪಾಯಿ ಹಿಡಿದರೂ ಕೊನೆಯ ಎರಡು ಯೂನಿಟ್‌ಗೆ ಆರುನೂರು ರೂಪಾಯಿ ಕೊಟ್ಟಂತಾಯಿತು.

ಅದಕ್ಕೇ ಬಿಲ್‌ನಲ್ಲಿರುವ ರೀಡಿಂಗ್ ತಾರೀಖು ಗುರುತು ಮಾಡಿಟ್ಟುಕೊಳ್ಳಿ. ಹದಿನೈದು ದಿನ ಬಿಟ್ಟು ಮೀಟರ್ ನೋಡಿ, ಹಳೆಯ ರೀಡಿಂಗ್ ಕಳೆಯಿರಿ. ಆಗಲೇ 100 ದಾಟಿದ್ದರೆ ಉಳಿದ ದಿನ ಎಚ್ಚರ. ಹುತ್ತರಿ ಹಬ್ಬಕ್ಕೆ ಮನೆ ತುಂಬ ನೆಂಟರು ಬಂದ ತಿಂಗಳಂತೂ ತಪ್ಪದೆ ನೋಡಿ.

ಸ್ನಾನದ ನೀರು

20 ಲೀಟರ್‌ನ ಒಂದು ಬಕೆಟ್ ನೀರನ್ನು 15 ಡಿಗ್ರಿಯಿಂದ 40 ಡಿಗ್ರಿಗೆ ಏರಿಸಲು ಸುಮಾರು 0.6 ಯೂನಿಟ್ ಬೇಕು. ಐದು ಜನರ ಮನೆಯಲ್ಲಿ ದಿನಕ್ಕೆ ಮೂರು ಯೂನಿಟ್, ತಿಂಗಳಿಗೆ 90. ಶವರ್ ಕೆಳಗೆ ನಿಂತು ಹಾಡುವವರಿದ್ದರೆ ಲೆಕ್ಕ ಬೇರೆಯೇ.

15 ಲೀಟರ್‌ನ ಗೀಸರ್‌ಗೆ ಇಪ್ಪತ್ತು ನಿಮಿಷ ಸಾಕು. ಆದರೆ ಎದ್ದ ಕೂಡಲೇ ಸ್ವಿಚ್ ಹಾಕಿ, ಕಾಫಿ ಕುಡಿದು, ಪೇಪರ್ ಓದಿ ಬಚ್ಚಲಿಗೆ ಹೋಗುವುದು ನಮ್ಮ ಅಭ್ಯಾಸ, ಅಲ್ವಾ? ಕಾದ ನೀರು ಸುಮ್ನೆ ಆರುತ್ತದೆ, ಗೀಸರ್ ಮತ್ತೆ ಮತ್ತೆ ಕಾಯಿಸುತ್ತದೆ. ಥರ್ಮೋಸ್ಟಾಟ್ 50ಕ್ಕೆ ಇಡಿ. ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸಿ, ಸ್ವಿಚ್ ಆಫ್ ಮಾಡಿ.

ಹಿಂದಿನವರ ಬಚ್ಚಲೊಲೆ ಮತ್ತು ಹಂಡೆ ಇನ್ನೂ ಇದ್ದರೆ ಕೆಡವಬೇಡಿ. ತೋಟದಲ್ಲಿ ಕಪಾತು ಮಾಡಿದ (ರೆಂಬೆ ಸವರಿದ) ಸೌದೆ ಹೇಗೂ ಇರುತ್ತದೆ. ಕಾಫಿ ಕೊಯ್ಲಿನ ಕಾಲದಲ್ಲಿ ಸಂಜೆ ಎಲ್ಲರೂ ಒಟ್ಟಿಗೆ ಸ್ನಾನಕ್ಕೆ ನಿಲ್ಲುವ ಮನೆಗೆ ಹಂಡೆಯಷ್ಟು ಅನುಕೂಲ ಯಾವ ಗೀಸರ್‌ನಲ್ಲೂ ಇಲ್ಲ.

ಸೋಲಾರ್ ಬಗ್ಗೆ ನಮ್ಮಲ್ಲಿ ಅನುಮಾನ ಜಾಸ್ತಿ. ಮಳೆಗಾಲದ ಮಟ್ಟಿಗೆ ಅದು ಸರಿ. ಆದರೆ ಚಳಿಗಾಲದಲ್ಲಿ ಮಂಜು ಸರಿದರೆ ಸಂಜೆವರೆಗೂ ಒಳ್ಳೆ ಬಿಸಿಲು. ಪ್ಯಾನೆಲ್ ದಕ್ಷಿಣಕ್ಕಿರಲಿ, ಸಿಲ್ವರ್ ಓಕ್ ನೆರಳು ಬೀಳದಿರಲಿ. ಟ್ಯಾಂಕ್‌ನೊಳಗೆ ಕರೆಂಟ್ ಕಾಯಿಲ್ ಇದ್ದರೆ ಅದರ ಸ್ವಿಚ್ ಮಳೆಗಾಲದಿಂದ ಆನ್ ಆಗಿಯೇ ಉಳಿದಿಲ್ಲ ತಾನೇ, ಒಮ್ಮೆ ನೋಡಿ.

ರೂಮ್ ಹೀಟರ್

ನನ್ನ ಕೇಳಿದರೆ ಬೇಡ ಎನ್ನುತ್ತೇನೆ. 2,000 ವಾಟ್‌ನದನ್ನು ದಿನಕ್ಕೆ ನಾಲ್ಕು ಗಂಟೆ ಫುಲ್ ಇಟ್ಟರೆ ಎಂಟು ಯೂನಿಟ್. 25 ದಿನಕ್ಕೆ ಇದೊಂದೇ 200! ಆಯಿಲ್ ಹೀಟರ್ ಕಡಿಮೆ ತಿನ್ನುತ್ತದೆ ಎಂಬ ಮಾತು ನಂಬಬೇಡಿ. ಆಯಿಲ್ ಇರಲಿ, ಫ್ಯಾನ್ ಇರಲಿ, ಒಂದು ಯೂನಿಟ್‌ನಿಂದ ಸಿಗುವ ಬಿಸಿ ಒಂದೇ. ಹಂಚಿನ ಮನೆಯಲ್ಲಿ ಸೀಲಿಂಗ್ ಇಲ್ಲದಿದ್ದರೆ ಆ ಬಿಸಿಯೆಲ್ಲ ಹಂಚಿನ ಸಂದಿಯಿಂದ ಆಚೆಗೆ. ಮನೆಯಲ್ಲಿ ವಯಸ್ಸಾದವರಿದ್ದು ಬೇಕೇ ಬೇಕು ಎಂದಾದರೆ ಚಿಕ್ಕ ಕೋಣೆ ಆರಿಸಿ, ಬಾಗಿಲ ಕೆಳಗಿನ ಸಂದಿಗೆ ಗೋಣಿಚೀಲ ಮಡಚಿಡಿ, ಕೋಣೆ ಬೆಚ್ಚಗಾದ ಮೇಲೆ ಹೀಟರ್ ಆಫ್ ಮಾಡಿ. ನೂರು ವಾಟ್ ಆಸುಪಾಸಿನ ಎಲೆಕ್ಟ್ರಿಕ್ ಬ್ಲಾಂಕೆಟ್ ಆದರೆ ಮಲಗುವ ಮುಂಚೆ ಅರ್ಧ ಗಂಟೆ ಹಾಕಿ ಹಾಸಿಗೆ ಬೆಚ್ಚಗೆ ಮಾಡಿಕೊಂಡರೆ ಸಾಕು; ಖರ್ಚು ಏನೂ ಇಲ್ಲವೆನ್ನುವಷ್ಟು ಕಡಿಮೆ.

ಕರೆಂಟ್ ಉಳಿಸಲು ಹೋಗಿ ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟು ಮಲಗಬೇಡಿ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ. ನಿದ್ದೆಯಲ್ಲೇ ಜೀವ ಹೋಗುತ್ತದೆ.

ಉಳಿದದ್ದು

ಫ್ರಿಜ್ ಒಳಗಿನ ತಿರುಗುಣಿಯನ್ನು ಒಂದು ಅಥವಾ ಎರಡಕ್ಕೆ ಇಳಿಸಿ. ಇಷ್ಟೆಲ್ಲ ಮಾಡಿಯೂ ಯೂನಿಟ್ ಇಳಿಯದಿದ್ದರೆ ಇನ್ವರ್ಟರ್ ಸೇರಿ ಎಲ್ಲ ಸ್ವಿಚ್ ಆರಿಸಿ, ಮೀಟರ್‌ನ ಕೆಂಪು ದೀಪವನ್ನು ಸ್ವಲ್ಪ ಹೊತ್ತು ನೋಡಿ. ಮಿನುಗುತ್ತಲೇ ಇದ್ದರೆ ಎಲ್ಲೋ ಲೀಕ್ ಇದೆ, ವೈರಿಂಗ್‌ನವರನ್ನು ಕರೆಸಿ. ಮೀಟರ್ ಮೇಲೇ ಅನುಮಾನವಿದ್ದರೆ ನಮಗೆ ಕರೆಂಟ್ ಕೊಡುವ ಸೆಸ್ಕ್ ಕಂಪನಿಯ 1912ಕ್ಕೆ ಫೋನ್ ಮಾಡಿ ದೂರು ಕೊಡಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ.